ಬಿಯರಿನ ಮೆಕ್ಕೆಜೋಳವೂ ನಮ್ಮ ಹಿಟ್ಟಿನ ಅವಲಕ್ಕಿಯೂ



ಪಾನನಿಷೇಧವಿರುವ ಗುಜರಾತಿನಲ್ಲಿ ಹೋಟೆಲು ನಡೆಸುವ ನಮಗೆ ಬಿಯರಿನ ಪಾಠವೇಕೆ ಎಂದು ಕೆಲವರು ಕೇಳಬಹುದು. ತಯಾರಿಸುವುದಕ್ಕೂ ಅಲ್ಲ, ಮಾರುವುದಕ್ಕೂ ಅಲ್ಲ. ಧಾನ್ಯ ನೆನೆಸಿ ಹುದುಗು ಬರಿಸುವುದು ನಮ್ಮ ದಿನನಿತ್ಯದ ಕಸುಬು. ಮುಖ್ಯ ಧಾನ್ಯದ ಜೊತೆಗೆ ಅಗ್ಗದ ಧಾನ್ಯ ಬೆರೆಸಿದರೆ ಏನಾಗುತ್ತದೆ ಎಂಬುದನ್ನು ಬಿಯರ್ ತಯಾರಕರು ಬಹುಕಾಲದಿಂದ ಲೆಕ್ಕವಿಟ್ಟು ನೋಡಿದ್ದಾರೆ. ಅದರಿಂದ ನಮಗೂ ಲಾಭವಿದೆ.

ಮಾಲ್ಟ್ ಎಂದರೇನು?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಊರಿನಲ್ಲಿ ಮಕ್ಕಳಿಗೆ ಕೊಡುವ ರಾಗಿ ಮಾಲ್ಟ್ ಕೂಡ ಇದೇ ಕ್ರಮದ್ದು. ಮೊಳಕೆಯೊಡೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವಗಳು ಹುಟ್ಟಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮಾಲ್ಟ್ ನುಚ್ಚನ್ನು ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರಿನೊಡನೆ ಇಟ್ಟರೆ ನೀರು ಸಿಹಿಯಾಗುತ್ತದೆ. ಅದನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ ಯೀಸ್ಟ್ ಸೇರಿಸುತ್ತಾರೆ.

ಪೂರಕ ಧಾನ್ಯ ಬಂದದ್ದು ಹೇಗೆ?

ಜರ್ಮನಿಯ ಬವೇರಿಯಾದಲ್ಲಿ 1516ರ ಕಟ್ಟಳೆಯಂತೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಸಲ್ಲುತ್ತಿರಲಿಲ್ಲ. ಆದರೆ 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ತಯಾರಕರಿಗೆ ಅಲ್ಲಿ ಸಿಕ್ಕಿದ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚು, ಬಿಯರ್ ಮಂಕಾಗುತ್ತಿತ್ತು. ಅವರು ಮೆಕ್ಕೆಜೋಳ, ಅಕ್ಕಿ ಬೆರೆಸಿದರು. ಬಿಯರ್ ತಿಳಿಯಾಯಿತು, ಹಗುರಾಯಿತು. ಆ ಬಾರ್ಲಿಯಲ್ಲಿ ಕಿಣ್ವಗಳೂ ಹೆಚ್ಚಿದ್ದುದರಿಂದ ಬೆರೆಸಿದ ಧಾನ್ಯವನ್ನೂ ಅದು ನಿಭಾಯಿಸಿತು. ಇಂದು ನಮ್ಮ ದೇಶದ ಬಿಯರಿನಲ್ಲೂ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆಯ ಬಳಕೆ ಸಾಮಾನ್ಯ. ಅಂದರೆ ಪೂರಕ ಧಾನ್ಯ ಕೇವಲ ಕಲಬೆರಕೆಯಲ್ಲ, ಅದಕ್ಕೂ ಒಂದು ಕೆಲಸವಿದೆ.

ಎರಡು ನಿಯಮಗಳು

ಮೊದಲನೆಯದು, ಬೇಯಿಸುವುದು. ಅಕ್ಕಿ ಮತ್ತು ಮೆಕ್ಕೆಜೋಳದ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. ಆದ್ದರಿಂದ ಅವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ನಂತರ ಮಾಲ್ಟಿಗೆ ಸೇರಿಸುತ್ತಾರೆ. ಹಬೆಯಲ್ಲಿ ಮೆತ್ತಗಾಗಿಸಿ ಚಪ್ಪಟೆ ಮಾಡಿದ ಧಾನ್ಯವಾದರೆ ನೇರವಾಗಿ ಹಾಕಬಹುದು. ನಮ್ಮ ಅವಲಕ್ಕಿಯೂ ಬಿಸಿ ತಾಗಿ ಚಪ್ಪಟೆಯಾದದ್ದೇ. ದೋಸೆ ಹಿಟ್ಟಿಗೆ ಒಂದು ಹಿಡಿ ಅವಲಕ್ಕಿಯನ್ನೋ ಅನ್ನವನ್ನೋ ರುಬ್ಬಿ ಹಾಕುವುದರ ಗುಟ್ಟು ಇದೇ. ಮೆಕ್ಕೆಜೋಳದ ಮೊಳಕೆ ಭಾಗದಲ್ಲಿ ಎಣ್ಣೆಯಿದ್ದು ಅದು ನೊರೆಯನ್ನು ಕೆಡಿಸುವುದರಿಂದ ಅದನ್ನು ಮೊದಲೇ ತೆಗೆಯುತ್ತಾರೆ.

ಎರಡನೆಯದು, ಮಿತಿ. ಪೂರಕ ಧಾನ್ಯ ಅತಿಯಾದರೆ ಕಿಣ್ವ ಸಾಲದು, ಯೀಸ್ಟಿಗೆ ಪೋಷಣೆ ಸಾಲದು, ನೊರೆ ನಿಲ್ಲದು. ಭಾರ ಹೊರುವವನು ಮಾಲ್ಟ್. ಅವನನ್ನು ಸೊರಗಿಸಿ ಉಳಿದದ್ದನ್ನು ಹೆಚ್ಚಿಸುವಂತಿಲ್ಲ.

ನಮ್ಮ ಅನುಭವ

ಇಡ್ಲಿ ಹಿಟ್ಟಿನಲ್ಲಿ ಮಾಲ್ಟಿನ ಕೆಲಸವಿಲ್ಲ, ನಿಜ. ಅಲ್ಲಿ ಹುದುಗು ಬರಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್‌ನಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಆದರೆ ಭಾರ ಹೊರುವುದು ಉದ್ದು. ಅದರ ಪ್ರೋಟೀನ್ ಮತ್ತು ಲೋಳೆ ಗಾಳಿಯನ್ನು ಹಿಡಿದಿಡುತ್ತವೆ.

2015–16ರಲ್ಲಿ ಬೇಳೆಕಾಳಿನ ಬೆಲೆ ಏರಿದಾಗ ವಸ್ತ್ರಾಪುರದ ನಮ್ಮ ಅಡುಗೆಮನೆಯಲ್ಲಿ ಉದ್ದು ಕಡಿಮೆ ಮಾಡಿದೆವು. 4 ಅಳತೆ ಅಕ್ಕಿಗೆ 1 ಉದ್ದು ಇದ್ದದ್ದನ್ನು 6ಕ್ಕೆ 1 ಮಾಡಿ, ಮೆಕ್ಕೆಜೋಳದ ಹಸಿ ಹಿಟ್ಟು ಸೇರಿಸಿದೆವು. ಹಿಟ್ಟು ಏಳಲಿಲ್ಲ, ಆರಿದ ಇಡ್ಲಿ ಗಟ್ಟಿಯಾಯಿತು. ಗಿರಾಕಿಗಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ತಟ್ಟೆಯಲ್ಲಿ ಅರ್ಧ ಇಡ್ಲಿ ಉಳಿಯತೊಡಗಿತು. ಉದ್ದಿನಲ್ಲಿ ಉಳಿಸಿದ್ದು ಕಸದ ಡಬ್ಬಿ ಸೇರಿತು. ಎರಡು ನಿಯಮಗಳನ್ನೂ ನಾವು ಮುರಿದಿದ್ದೆವು: ಬೇಯಿಸಿರಲಿಲ್ಲ, ಮಿತಿ ಇಟ್ಟಿರಲಿಲ್ಲ.

ಸದಸ್ಯರ ಗಮನಕ್ಕೆ

1. ಉದ್ದಿನ ಪ್ರಮಾಣ ಮುಟ್ಟಬೇಡಿ. ಬದಲಿಸುವುದಿದ್ದರೆ ಅಕ್ಕಿಯ ಪಾಲನ್ನು ಬದಲಿಸಿ.

2. ದಾಹೋದ್, ಪಂಚಮಹಲ್ ಕಡೆಯ ಮೆಕ್ಕೆಜೋಳ ನಮಗೆ ಸುಲಭವಾಗಿ ಸಿಗುತ್ತದೆ. ದೋಸೆಗೆ ಅಕ್ಕಿಯ ಕಾಲು ಭಾಗದಷ್ಟು ಮೆಕ್ಕೆಜೋಳದ ರವೆ ಬಳಸಿ ನೋಡಬಹುದು. ರವೆಯನ್ನು ಗಂಜಿಯಂತೆ ಬೇಯಿಸಿ, ಪೂರ್ತಿ ತಣಿದ ಮೇಲೆ ಸೇರಿಸಿ. ಮೊದಲು 1 ಕಿಲೋ ಹಿಟ್ಟಿನಲ್ಲಿ ಮಾತ್ರ ಪರೀಕ್ಷಿಸಿ.

3. ಅಹಮದಾಬಾದಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಣ್ಣೀರಿನಲ್ಲಿ ರುಬ್ಬಿ, ಹಿಟ್ಟು ಎದ್ದ ಕೂಡಲೇ ಫ್ರಿಜ್ಜಿಗೆ ಸೇರಿಸಿ.

4. ಯಾವ ಧಾನ್ಯ ಬೆರೆಸಿದ್ದೀರೋ ಅದನ್ನು ಮೆನುವಿನಲ್ಲಿ ತಿಳಿಸಿ. ಗೋಧಿ ರವೆ ಒಗ್ಗದವರಿದ್ದಾರೆ, ಉಪವಾಸದ ದಿನ ಧಾನ್ಯ ಮುಟ್ಟದವರೂ ಇದ್ದಾರೆ. ಅವರು ನಮ್ಮ ಮಾತನ್ನು ನಂಬಿ ಉಣ್ಣುತ್ತಾರೆ.

5. ಬಿಯರ್ ರುಚಿಯ ಮಾಲ್ಟ್ ಪಾನೀಯ ಇಡುವವರು ಬಾಟಲಿಯ ಲೇಬಲ್ ಓದಿ, ಆಲ್ಕೋಹಾಲ್ 0.0 ಎಂದಿರುವುದನ್ನು ಖಚಿತಪಡಿಸಿಕೊಂಡು, ಖರೀದಿಯ ಬಿಲ್ ಕಾದಿರಿಸಿ. ಅಡುಗೆಮನೆಯಲ್ಲಿ ಇಂಥ ಪಾನೀಯವನ್ನು ಹುದುಗಿಸುವ ಸಾಹಸ ಖಂಡಿತ ಬೇಡ.

ಅಗ್ಗದ ಧಾನ್ಯ ಬೆರೆಸುವುದು ತಪ್ಪಲ್ಲ. ಅದರ ಗುಣ ತಿಳಿಯದೆ ಬೆರೆಸುವುದು ತಪ್ಪು. ಸದಸ್ಯರು ತಮ್ಮ ಪ್ರಯೋಗಗಳ ಅಳತೆಯನ್ನೂ ಫಲಿತಾಂಶವನ್ನೂ ಬರೆದು ಕಳುಹಿಸಿದರೆ ಎಲ್ಲರಿಗೂ ಉಪಕಾರವಾಗುತ್ತದೆ.