ನಂಜಜ್ಜಿಯ ಮನೆ ಫೋನು

ನಂಜಜ್ಜಿಗೆ 74 ವರ್ಷ. ಅರಸೀಕೆರೆ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಅಜ್ಜಿ ಒಬ್ಬರೇ. ಮಗ ಬೆಂಗಳೂರಿನಲ್ಲಿ. ಮಗಳು ಸಾವಿತ್ರಿಯನ್ನು ತಿಪಟೂರಿಗೆ ಕೊಟ್ಟಿದೆ.

ಅಜ್ಜಿಯ ಮನೆಯ ಗೂಡಿನಲ್ಲಿ ಒಂದು ಫೋನು ಇತ್ತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಯಜಮಾನರು ಇದ್ದಾಗ ಹಾಕಿಸಿದ್ದು. ಆಗ ಇಡೀ ಬೀದಿಗೆ ಅದೊಂದೇ ಫೋನು. "ನಂಜಮ್ಮಾರೇ, ನಮ್ಮ ಹುಡುಗ ಫೋನ್ ಮಾಡ್ತಾನಂತೆ. ಸ್ವಲ್ಪ ಕೂಗಿ" ಅಂತ ಅಕ್ಕಪಕ್ಕದವರು ಹೇಳಿ ಹೋಗುತ್ತಿದ್ದರು. ಫೋನು ಇಲ್ಲದ ಊರಿನವರು ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತಿಗೆ ಹೋಗಬೇಕಿತ್ತು. ಮಾತಾಡುವಾಗ ಕಣ್ಣೆಲ್ಲ ಮೀಟರಿನ ಮೇಲೆ! ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು.

ಹೋದ ವರ್ಷ ರಸ್ತೆ ಅಗೆದರು. ನೆಲದೊಳಗಿನ ತಂತಿ ತುಂಡಾಯಿತು. ಅಜ್ಜಿಯ ಫೋನು ಸತ್ತು ಹೋಯಿತು. ಎರಡು ಸಲ ದೂರು ಕೊಟ್ಟರು. ಲೈನ್‌ಮನ್ ಬಂದು ನೋಡಿದ. "ಅಜ್ಜೀ, ಹಳೇ ತಾಮ್ರದ ತಂತಿ ತೆಗೀತಾ ಇದ್ದಾರೆ. ಅದರ ಬದಲು ಗಾಜಿನ ಎಳೆಯ ತಂತಿ ಬರುತ್ತೆ. ಅದು ನಿಮ್ಮ ಬೀದಿಗೆ ಇನ್ನೂ ಬಂದಿಲ್ಲ" ಎಂದ.

ಅಜ್ಜಿ ಫೋನಿಲ್ಲದೆ ದಿನ ತಳ್ಳಿದರು. ಮಳೆಗಾಲ ಬಂತು. ಒಂದು ರಾತ್ರಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟ ಹಿಡಿದುಕೊಂಡಿತು. ಏಳಲು ಆಗಲಿಲ್ಲ. ಕೂಗಿದರು. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬೆಳಿಗ್ಗೆ ಹಾಲು ಹಾಕುವ ಹುಡುಗಿ ಬಾಗಿಲು ತಟ್ಟಿದಾಗಲೇ ಗೊತ್ತಾಗಿದ್ದು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆದರೆ ರಾತ್ರಿಯೆಲ್ಲ ತಣ್ಣನೆ ಕಲ್ಲಿನ ಮೇಲೆ ಬಿದ್ದಿದ್ದರು.

ಸಾವಿತ್ರಿ ಓಡಿ ಬಂದಳು. "ಅವ್ವಾ, ನನ್ನ ಜೊತೆ ಬಂದುಬಿಡು" ಎಂದಳು.

"ಈ ಮನೆ ಬಿಟ್ಟು ಎಲ್ಲಿಗೂ ಬರಲ್ಲ ಕಣವ್ವಾ. ಹಸ ಯಾರು ನೋಡ್ತಾರೆ?"

ಮಗ ಬೆಂಗಳೂರಿನಿಂದ ಒಂದು ದೊಡ್ಡ ಫೋನು ಕಳಿಸಿದ. ಬೆರಳಿನಲ್ಲಿ ಉಜ್ಜುವ ಫೋನು. ಅಜ್ಜಿಯ ಬೆರಳು ಒಣಗಿ ಒರಟಾಗಿದೆ. ಒತ್ತಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಒಂದು ಒತ್ತಲು ಹೋದರೆ ಇನ್ನೊಂದು ಬರುತ್ತದೆ. ಯಾವುದೋ ಹಾಡು, ಯಾವುದೋ ಕುಣಿತ! ಸಂಜೆಗೆ ಚಾರ್ಜು ಖಾಲಿ. ಅಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರು. ಮಗನ ಮನಸ್ಸು ಒಳ್ಳೆಯದೇ. ಆದರೆ ಅವನು ತನ್ನ ಕೈಗೆ ಸರಿಯಾದ ಫೋನನ್ನು ಅವ್ವನಿಗೆ ಕಳಿಸಿದ್ದ.

ಸಾವಿತ್ರಿ ನಮ್ಮ ನಿಮ್ಮ ಹಾಗೆ ಕಲಿಕಾ ಕೇಂದ್ರದಲ್ಲಿ ಓದು ಕಲಿತವಳು. ನೋಟ್‌ಬುಕ್ಕು ಹಿಡಿದು ಪೇಟೆಗೆ ಹೋದಳು. ಅಂಗಡಿ ಅಂಗಡಿ ವಿಚಾರಿಸಿದಳು. ಕೇಳಿದ್ದನ್ನೆಲ್ಲ ಬರೆದುಕೊಂಡಳು.

ಒಬ್ಬರು ಗಾಜಿನ ತಂತಿಯ ಫೋನಿನ ವಿಷಯ ಹೇಳಿದರು. ಹಳೇ ಫೋನಿನ ಹಾಗೇ ಇರುತ್ತದೆ. ಜೊತೆಗೆ ಇಂಟರ್‌ನೆಟ್ಟೂ ಬರುತ್ತದೆ. ತಿಂಗಳು ತಿಂಗಳು ಬಿಲ್ಲು ಕಟ್ಟಬೇಕು. ಇದರಲ್ಲಿ ಒಂದು ವಿಷಯ ತಿಳಿದಿರಬೇಕು. ಹಳೇ ತಾಮ್ರದ ತಂತಿಯಲ್ಲಿ ಟೆಲಿಫೋನ್ ಕಚೇರಿಯಿಂದಲೇ ಕರೆಂಟು ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ಗಾಜಿನ ಎಳೆಯಲ್ಲಿ ಬರುವುದು ಬೆಳಕು, ಕರೆಂಟಲ್ಲ. ಮನೆಯ ಕರೆಂಟು ಹೋದರೆ ಪೆಟ್ಟಿಗೆ ನಿಲ್ಲುತ್ತದೆ, ಫೋನೂ ನಿಲ್ಲುತ್ತದೆ. ಬ್ಯಾಟರಿ ಬೇರೆ ಇಡಬೇಕು. ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಕರೆಂಟಿನ ಗತಿ ನಿಮಗೇ ಗೊತ್ತು.

ಇನ್ನೊಂದು ಅಂಗಡಿಯಲ್ಲಿ ಸಿಮ್ ಹಾಕುವ ಮೇಜಿನ ಫೋನು ತೋರಿಸಿದರು. ನೋಡಲು ಮನೆ ಫೋನೇ. ಎತ್ತಿ ಕಿವಿಗೆ ಇಟ್ಟುಕೊಳ್ಳುವ ಹಿಡಿ ಇದೆ. ತಂತಿ ಬೇಡ. ಒಳಗೆ ಬ್ಯಾಟರಿ ಇದೆ. ಗಂಟೆ ಜೋರಾಗಿ ಬಾರಿಸುತ್ತದೆ. ಸಾವಿತ್ರಿಗೆ ಇಷ್ಟವಾಯಿತು. ಆಮೇಲೆ ಯೋಚಿಸಿದಳು. 'ಅವ್ವ ಬಿದ್ದದ್ದು ಬಚ್ಚಲಲ್ಲಿ. ಈ ಫೋನು ಮೇಜಿನ ಮೇಲೆ ಇರುತ್ತದೆ.'

ಕೊನೆಗೆ ತಂದದ್ದು ಗುಂಡಿ ಫೋನು. ಸಾವಿರದಿಂದ ಎರಡು ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ದೊಡ್ಡ ಗುಂಡಿ, ದೊಡ್ಡ ಅಂಕಿ. ಟಾರ್ಚು ಇದೆ. ರೇಡಿಯೋ ಇದೆ. ಒಮ್ಮೆ ಚಾರ್ಜು ಮಾಡಿದರೆ ಎರಡು ಮೂರು ದಿನ ಬರುತ್ತದೆ.

ಗುಂಡಿ ಫೋನು ಕೊಳ್ಳುವಾಗ ಎರಡು ವಿಷಯ ನೋಡಬೇಕು. ಮೊದಲು, ನಿಮ್ಮ ಮನೆಯ ಒಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ಪಕ್ಕದ ಮನೆಯವರ ಫೋನು ತಂದು ಬಚ್ಚಲು, ಅಡಿಗೆಮನೆ, ಕೊಟ್ಟಿಗೆಯಲ್ಲಿ ನಿಂತು ನೋಡಿ. ಎರಡನೆಯದು, ಫೋನು 2ಜಿಯೋ 4ಜಿಯೋ ಎಂದು ಕೇಳಿ. ಜಿಯೋ ಸಿಮ್ 2ಜಿ ಫೋನಿನಲ್ಲಿ ನಡೆಯುವುದಿಲ್ಲ. ಕೆಲವು ಅಗ್ಗದ ಫೋನುಗಳಲ್ಲಿ ಒಂದೇ ಕಂಪನಿಯ ಸಿಮ್ ನಡೆಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಫೋನು ಕೊಂಡು ಮತ್ತೆ ಅಂಗಡಿಗೆ ಅಲೆದಿದ್ದಾರೆ.

ಇನ್ನು ರೀಚಾರ್ಜಿನ ಲೆಕ್ಕ. ಅಜ್ಜಿಗೆ ಇಂಟರ್‌ನೆಟ್ ಬೇಡ. ಬೇಡದ್ದಕ್ಕೆ ದುಡ್ಡು ಯಾಕೆ ಕೊಡಬೇಕು? ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆಯ ಹೆಸರು ಟ್ರಾಯ್. ಅದು 2024ರ ಡಿಸೆಂಬರಿನಲ್ಲಿ ಒಂದು ನಿಯಮ ಮಾಡಿತು. ಬರೀ ಮಾತು ಮತ್ತು ಮೆಸೇಜು ಸಾಕು ಅನ್ನುವವರಿಗೆ ಬೇರೆ ಪ್ಯಾಕ್ ಕೊಡಲೇಬೇಕು ಎಂದಿತು. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಯಾಕ್ ತಂದವು. ಆಗ ಜಿಯೋದಲ್ಲಿ 84 ದಿನಕ್ಕೆ 448 ರೂಪಾಯಿ ಇತ್ತು. ಏರ್‌ಟೆಲ್‌ನಲ್ಲಿ 365 ದಿನಕ್ಕೆ 1,849 ರೂಪಾಯಿ ಇತ್ತು. ಭಾಗಿಸಿ ನೋಡಿ. ದಿನಕ್ಕೆ ಸುಮಾರು 5 ರೂಪಾಯಿ ಆಯಿತು.

ದರ ಬದಲಾಗುತ್ತಾ ಇರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಿಯೇ ಕಟ್ಟಬೇಕು. ಸಾವಿತ್ರಿ ಕೇಳಿದಾಗ ಅಂಗಡಿಯವ ಇಂಟರ್‌ನೆಟ್ ಇರುವ ಪ್ಯಾಕನ್ನೇ ಮುಂದಿಟ್ಟ.

"ಬರೀ ಮಾತಿನ ಪ್ಯಾಕ್ ಕೊಡಿ ಅಣ್ಣಾ."

"ಅಂಥದ್ದು ಯಾರೂ ಹಾಕಿಸಲ್ಲಮ್ಮಾ."

"ನಾನು ಹಾಕಿಸ್ತೀನಿ. ಎಷ್ಟು ದಿನ, ಎಷ್ಟು ರೂಪಾಯಿ ಬರೆದು ಕೊಡಿ."

ಅವನು ಬರೆದು ಕೊಟ್ಟ. ಸಾವಿತ್ರಿ ಓದಿ ನೋಡಿಯೇ ಹಣ ಕೊಟ್ಟಳು. ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದಳು. ಸಿಮ್ ಅನ್ನು ಬಳಸದೆ 90 ದಿನ ಬಿಟ್ಟರೆ ನಂಬರು ಕೈತಪ್ಪಬಹುದು.

ಈಗ ಅಜ್ಜಿಗೆ ಕಲಿಸುವ ಕೆಲಸ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಸಾವಿತ್ರಿ ಅವರ ಬೆರಳು ಹಿಡಿದು 5ರ ಗುಂಡಿಯ ಮೇಲೆ ಇಟ್ಟಳು.

"ಇಲ್ಲೇನೋ ಬೊಕ್ಕೆ ಹಾಗೆ ಐತಲ್ಲೇ?"

"ಅದೇ 5 ಅವ್ವಾ. ಅದು ನಡುಮನೆ ಕಂಬ ಇದ್ದ ಹಾಗೆ. ಅದರ ಮೇಲೆ 2. ಕೆಳಗೆ 8. ಎಡಕ್ಕೆ 4. ಬಲಕ್ಕೆ 6."

ಕಣ್ಣು ಕಾಣದವರೂ ಮುಟ್ಟಿ ತಿಳಿಯಲಿ ಎಂದೇ 5ರ ಮೇಲೆ ಆ ಉಬ್ಬು ಇರುವುದು. ನಿಮ್ಮ ಫೋನಿನಲ್ಲೂ ಮುಟ್ಟಿ ನೋಡಿ.

ಪೂರ್ತಿ ನಂಬರು ಒತ್ತುವ ಕಷ್ಟವೂ ಬೇಡ. 2ನ್ನು ಒತ್ತಿ ಹಿಡಿದರೆ ಮಗಳಿಗೆ ಹೋಗುತ್ತದೆ. 4 ಒತ್ತಿ ಹಿಡಿದರೆ ಪಕ್ಕದ ಮನೆಗೆ. 6 ಒತ್ತಿ ಹಿಡಿದರೆ ಮಗನಿಗೆ. ಇದನ್ನು ಮೊದಲೇ ಫೋನಿನಲ್ಲಿ ತುಂಬಿಸಿಡಬೇಕು. ಓದು ಬಲ್ಲ ಹುಡುಗರು ಯಾರಾದರೂ ಮಾಡಿಕೊಡುತ್ತಾರೆ. ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ 112 ಒಂದೇ ನಂಬರು. ವಯಸ್ಸಾದವರ ಕಷ್ಟ ಕೇಳಲು 14567 ಇದೆ. ಅದಕ್ಕೆ ದುಡ್ಡಿಲ್ಲ.

ಫೋನು ಎಲ್ಲಿ ಇಡುವುದು? ಅಜ್ಜಿ ಎಲ್ಲಿ ಹೋದರೂ ಸೊಂಟದಲ್ಲಿ ಎಲೆ ಅಡಿಕೆ ಚೀಲ ಇರುತ್ತದೆ. ಅದಕ್ಕೇ ಸಾವಿತ್ರಿ ಇನ್ನೊಂದು ಜೇಬು ಹೊಲಿದಳು. ಸುಣ್ಣದ ಡಬ್ಬಿ ಒಂದು ಕಡೆ, ಫೋನು ಇನ್ನೊಂದು ಕಡೆ. ಬಚ್ಚಲಿನಲ್ಲಿ ಕೂತರೂ ಕೈಗೆ ಎಟಕುವ ಎತ್ತರಕ್ಕೆ ಗೋಡೆಗೆ ಒಂದು ಮೊಳೆ ಹೊಡೆದಳು. ಚೀಲ ಅದಕ್ಕೆ ನೇತು ಹಾಕುವುದು.

"ಯಾರಾದರೂ ಬ್ಯಾಂಕಿನವರು ಅಂತ ಫೋನ್ ಮಾಡಿ ನಂಬರು ಕೇಳಿದರೆ ಏನು ಮಾಡ್ತೀಯವ್ವಾ?"

"ನಮ್ಮ ಹಸ ಕರು ಹಾಕ್ತಾ ಐತೆ, ಆಮೇಲೆ ಮಾಡಪ್ಪಾ ಅಂತ ಇಟ್ಟುಬಿಡ್ತೀನಿ."

ಅಷ್ಟೂ ಮಾತು ಬೇಡ, ಸುಮ್ಮನೆ ಇಟ್ಟರೆ ಸಾಕು. ದುಡ್ಡು ಹೋಗಿಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ಒಂದು ಬೇಸರ ಮಾತ್ರ ಉಳಿಯಿತು. ಮನೆ ಫೋನಿನ ಹಳೇ ನಂಬರನ್ನು ಮೊಬೈಲಿಗೆ ತರಲು ನಮ್ಮಲ್ಲಿ ಆಗುವುದಿಲ್ಲ. ಬಂಧುಗಳಿಗೆಲ್ಲ ಹೊಸ ನಂಬರು ಬರೆದು ಕಳಿಸಬೇಕಾಯಿತು. ಅಜ್ಜಿಯ ತಂಗಿಯ ಮನೆಯಲ್ಲಿ ಈಗಲೂ ತಂತಿ ಫೋನಿದೆ. ಅಲ್ಲಿಂದ ಮೊಬೈಲಿಗೆ ಮಾಡುವಾಗ ಮೊದಲು 0 ಒತ್ತಬೇಕು. 2021ರ ಜನವರಿ 15ರಿಂದ ಹಾಗೆ ಮಾಡಿದ್ದಾರೆ. ಸತ್ತ ಫೋನಿಗೆ ಕಟ್ಟಿದ್ದ ಠೇವಣಿಯನ್ನು ಅರ್ಜಿ ಕೊಟ್ಟು ವಾಪಸು ಕೇಳಿದರು. ಹಣ ಬರಲು ನಾಲ್ಕು ತಿಂಗಳು ಹಿಡಿಯಿತು.

ಗೂಡು ಈಗ ಖಾಲಿ. ಕಸೂತಿ ಬಟ್ಟೆಯನ್ನು ಅಜ್ಜಿ ರೇಡಿಯೋ ಮೇಲೆ ಹಾಕಿದ್ದಾರೆ. ರಾತ್ರಿ ಎಂಟು ಗಂಟೆಗೆ 2 ಒತ್ತಿ ಹಿಡಿಯುತ್ತಾರೆ. "ಉಂಡೆಯೇನೇ?" ಎಂದು ಕೇಳುತ್ತಾರೆ.

ನೀವೇ ಬರೆಯಿರಿ:

ನಿಮ್ಮ ಫೋನ್ ನಂಬರು .....................

ರೀಚಾರ್ಜು ಮುಗಿಯುವ ತಾರೀಕು .....................

2 ಒತ್ತಿ ಹಿಡಿದರೆ ಯಾರಿಗೆ ಹೋಗಬೇಕು? .....................

ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿ, ತಾತ ಯಾರು? ಅವರ ಬಳಿ ಯಾರ ನಂಬರು ಇದೆ? .....................