ಸಂಗೊಳ್ಳಿಯ ಶೇತಸನದಿ ಮತ್ತು ಅವನ ಮನೆತನ

ಸಂಗೊಳ್ಳಿ ರಾಯಣ್ಣನ ಹೆಸರನ್ನು ಕೇಳದ ವಿದ್ಯಾರ್ಥಿನಿಯು ನಮ್ಮ ಹುಬ್ಬಳ್ಳಿ-ಧಾರವಾಡಗಳಲ್ಲಿ ಇರಲಾರಳು. ಆತನ ಶೌರ್ಯವನ್ನು ಲಾವಣಿಕಾರರು ಬೇಕಾದಷ್ಟು ಹಾಡಿರುವರು. ಆದರೆ ಬಂಡಾಯದ ನಾಯಕನಾಗುವದಕ್ಕೆ ಮೊದಲು ಅವನು ಏನಾಗಿದ್ದನೆಂಬದನ್ನು ಕೇಳುವವರು ವಿರಳ. ಅವನು ಒಂದು ಹಳ್ಳಿಯ ಚಾಕರಿಯವನು; ಹೊಲವೇ ಅವನ ಸಂಬಳ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವನ ಚರಿತ್ರೆಯು ಬೇರೊಂದು ರೀತಿಯಾಗಿ ಕಾಣುವದು.

ಹಿಂದಿನ ಕಾಲದಲ್ಲಿ ಊರ ಆಡಳಿತವು ಮನೆತನಗಳ ಕೈಯಲ್ಲಿತ್ತು. ಗೌಡನು ಊರಿನ ಮುಖ್ಯನು. ಕುಲಕರ್ಣಿಯು ಲೆಕ್ಕ ಬರೆಯುವವನು. ತಳವಾರ, ವಾಲೀಕಾರರು ಕಾವಲಿನವರು. ಇವರ ಜೊತೆಗೆ ಶೇತಸನದಿ ಎಂಬವನೊಬ್ಬನಿದ್ದನು. ಶೇತವೆಂದರೆ ಹೊಲ, ಸನದೆಂದರೆ ಅಧಿಕಾರಪತ್ರ. ಸನದಿನ ಮೇರೆಗೆ ಹೊಲವನ್ನು ಉಂಬಳಿಯಾಗಿ ಉಣ್ಣುತ್ತ, ಅದಕ್ಕೆ ಬದಲಾಗಿ ಊರನ್ನು ಕಾಯುವದು, ಕಳ್ಳರನ್ನು ಹಿಡಿಯುವದು, ದೊರೆಯು ಕರೆದಾಗ ಆಯುಧ ಹಿಡಿದು ಹೋಗುವದು ಅವನ ಕರ್ತವ್ಯ. ತಂದೆಯ ತರುವಾಯ ಮಗನಿಗೆ ಹೊಲವೂ ಬಂತು, ಚಾಕರಿಯೂ ಬಂತು. ವಂಶಪಾರಂಪರ್ಯದ ಇಂಥ ಗ್ರಾಮಾಧಿಕಾರಗಳನ್ನು ೧೯೬೧ರ ಕಾಯಿದೆಯು ತೆಗೆದುಹಾಕಿತು; ಅದು ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದಿತು. ಗೌಡರ, ಕುಲಕರ್ಣಿಯರ ಮನೆಗಳಲ್ಲಿ ಆ ಅಡ್ಡಹೆಸರುಗಳು ಮಾತ್ರ ಇಂದಿಗೂ ಉಳಿದಿರುವವು.

ಸಂಗೊಳ್ಳಿಯು ಮಲಪ್ರಭೆಯ ದಂಡೆಯ ಮೇಲಿರುವ ಊರು. ಇಂದು ಅದು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿಗೆ ಸೇರಿದೆ. ಬೆಳಗಾವಿಯು ಬೇರೆ ಜಿಲ್ಲೆಯಾದದ್ದು ೧೮೩೬ರಲ್ಲಾದ್ದರಿಂದ, ರಾಯಣ್ಣನ ಕಾಲಕ್ಕೆ ಆ ಸೀಮೆಯು ನಮ್ಮ ಧಾರವಾಡದ ಕಲೆಕ್ಟರನ ಕೈಕೆಳಗಿತ್ತು. ಅಲ್ಲಿಯ ಒಂದು ಕುರುಬರ ಮನೆತನದಲ್ಲಿ ರಾಯಣ್ಣನು ಹುಟ್ಟಿದನು. ತಂದೆ ಭರಮಪ್ಪ, ತಾಯಿ ಕೆಂಚವ್ವ. ಹುಟ್ಟಿದ ದಿವಸವು ೧೭೯೮ರ ಆಗಸ್ಟ ೧೫ ಎಂದು ಹೇಳುವ ರೂಢಿಯಿದೆ. ಕಿತ್ತೂರ ಸಂಸ್ಥಾನದ ಚಾಕರಿಯು ಆ ಮನೆಗೆ ಹಿರಿಯರಿಂದ ಬಂದದ್ದು.

೧೮೨೪ರ ಸಪ್ಟೆಂಬರದಲ್ಲಿ ಕಿತ್ತೂರ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಕಂಪನಿ ಸರಕಾರವು ಒಪ್ಪಲಿಲ್ಲ. ಅಕ್ಟೋಬರ ೨೩ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರುವರಿ ೨ರಂದು ದೇಹವಿಟ್ಟಳು. ರಾಯಣ್ಣನೂ ಈ ಯುದ್ಧದಲ್ಲಿ ಕಾದಿ, ಸೆರೆಸಿಕ್ಕು, ಮುಂದೆ ಬಿಡುಗಡೆ ಹೊಂದಿದನು.

ಊರಿಗೆ ಮರಳಿದವನಿಗೆ ಏನು ಉಳಿದಿತ್ತು? ಹೊಲದ ಬಹುಭಾಗವನ್ನು ಸರಕಾರವು ಕಿತ್ತುಕೊಂಡಿತು. ಉಳಿದದ್ದರ ಮೇಲೆ ಭಾರವಾದ ಕಂದಾಯವನ್ನು ಹೇರಿತು. ವಾಚಕರು ಇದನ್ನು ಬರಿಯ ಹಣದ ನಷ್ಟವೆಂದು ಎಣಿಸಬಾರದು. ಹೊಲವೇ ಸನದು, ಸನದೇ ಮನೆತನದ ಮಾನ. ಅದು ಹೋದ ಮೇಲೆ ಶೇತಸನದಿಯು ಹೆಸರಿಗೆ ಮಾತ್ರ ಶೇತಸನದಿ. ಕಂದಾಯ ಕೊಡಲಾರದ್ದಕ್ಕೆ ಊರ ಕುಲಕರ್ಣಿಯು ಕೆಂಚವ್ವನ ಬೆನ್ನಿನ ಮೇಲೆ ಕಲ್ಲು ಹೇರಿಸಿ ಅವಮಾನಪಡಿಸಿದನೆಂದು ಜನರು ಹೇಳುತ್ತ ಬಂದಿದ್ದಾರೆ. ಕುಲಕರ್ಣಿಯೊಬ್ಬನನ್ನೇ ದುಷ್ಟನೆಂದು ತಳ್ಳಿಬಿಡುವದು ಸುಲಭ. ಅವನೂ ಒಬ್ಬ ಊರ ಚಾಕರನೇ. ಮೇಲಿನವರಿಗೆ ವಸೂಲಿಯ ಲೆಕ್ಕ ಒಪ್ಪಿಸಬೇಕಾದವನು. ಆದರೂ ಮುದುಕಿಯ ಬೆನ್ನಿನ ಮೇಲೆ ಕಲ್ಲಿಡಿರೆಂದು ಯಾವ ಲೆಕ್ಕದ ಪುಸ್ತಕವೂ ಹೇಳುವದಿಲ್ಲ.

೧೮೩೦ರ ಜನವರಿಯಲ್ಲಿ ದಂಗೆಯು ಮೊದಲಾಯಿತು. ರಾಯಣ್ಣನ ಪಡೆಯು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ನಂದಗಡದ ಮೇಲೆ ಬಿದ್ದಿತು. ಸರಕಾರದ ಕಚೇರಿಗಳನ್ನೂ ಖಜಾನೆಗಳನ್ನೂ ಅವನು ಅರಸಿಕೊಂಡು ಹೋದದ್ದನ್ನು ಗಮನಿಸಬೇಕು. ಯಾವ ಕಾಗದಗಳಲ್ಲಿ ಅವನಂಥವರ ಹೊಲಗಳು ಪರರವಾಗಿದ್ದವೋ ಆ ಕಾಗದಗಳು ಇದ್ದದ್ದು ಕಚೇರಿಗಳಲ್ಲಿಯೇ. ದತ್ತುಪುತ್ರ ಶಿವಲಿಂಗಪ್ಪನನ್ನು ಕಿತ್ತೂರ ಗದ್ದುಗೆಯ ಮೇಲೆ ಕೂಡ್ರಿಸುವದು ಅವನ ಘೋಷಿತ ಉದ್ದೇಶವಾಗಿತ್ತು. ದೊರೆಯು ಮರಳಿ ಬಂದರೆ ಸನದುಗಳೂ ಮರಳಿ ಬರುವವೆಂಬ ಆಶೆಯು ಅವನ ಬೆನ್ನಿಗೆ ನಿಂತವರಲ್ಲಿ ಇದ್ದಿರಬೇಕೆಂದು ನನಗೆ ತೋರುತ್ತದೆ. ಅವರಲ್ಲಿ ಹೊಲಮನೆಯ ಬಡವರೇ ಬಹುಜನ. ಶ್ರೀಮಂತರಿಂದ ಹಣವನ್ನು ಎತ್ತಿ ಅವನು ಪಡೆಯನ್ನು ಸಾಕಿದನು.

ಗುಡ್ಡ ಅಡವಿಗಳಲ್ಲಿ ಅಡಗುತ್ತ ಹೊಡೆಯುತ್ತ ಇದ್ದ ಅವನನ್ನು ಕಂಪನಿಯ ದಂಡು ನೇರಾಗಿ ಹಿಡಿಯಲಾರದೆ ಹೋಯಿತು. ಹಿಡಿದುಕೊಟ್ಟವರು ಊರಿನವರೇ. ಖೋದಾನಪುರದ ಗೌಡನು ಸ್ನೇಹದ ಸೋಗಿನಿಂದ ಮೋಸಗೈದನೆಂದು ಲಾವಣಿಗಳು ಹಾಡುವವು. ೧೮೩೦ರ ಏಪ್ರಿಲ ತಿಂಗಳಲ್ಲಿ ಅವನು ಸೆರೆಯಾದನು. ಗೌಡಕಿಯೂ ಒಂದು ವತನವೇ ಎಂಬದನ್ನು ಮರೆಯಬಾರದು. ಒಬ್ಬನ ಹೊಲವು ಹೋಗಿತ್ತು, ಇನ್ನೊಬ್ಬನದು ಉಳಿಯಬೇಕಾಗಿತ್ತು. ಉಳಿಸಿಕೊಳ್ಳುವ ದಾರಿಯು ಹೊಸ ಸರಕಾರದ ಕೈಯಲ್ಲಿತ್ತು. ಶೇತಸನದಿ, ಕುಲಕರ್ಣಿ, ಗೌಡ ಈ ಮೂವರೂ ಹಿಂದೆ ಒಂದೇ ಚಾವಡಿಯ ಆಡಳಿತಕ್ಕೆ ಸೇರಿದವರು.

೧೮೩೧ರ ಜನವರಿ ೨೬ರಂದು ನಂದಗಡದ ಹತ್ತಿರ ಆಲದ ಮರಕ್ಕೆ ರಾಯಣ್ಣನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಮೂವತ್ತಮೂರು ವರ್ಷವೂ ತುಂಬಿರಲಿಲ್ಲ. ಅವನ ಸಮಾಧಿಯು ನಂದಗಡದಲ್ಲಿದೆ. ಸಂಗೊಳ್ಳಿಯಲ್ಲಿ ಅವನದೊಂದು ಚಿಕ್ಕ ಗುಡಿಯುಂಟು. ಅದರೊಳಗೆ ಮೂರ್ತಿಯ ಎರಡೂ ಬದಿಗೆ ಅಂಗಸಾಧನೆಯ ಕಟ್ಟಿಗೆಯ ಭಾರಗಳನ್ನು ಇಟ್ಟಿದ್ದಾರೆ. ಅವುಗಳಲ್ಲೊಂದನ್ನು ರಾಯಣ್ಣನೇ ಎತ್ತುತ್ತಿದ್ದನೆಂದು ಊರವರು ತೋರಿಸುವರು.