ಮೆಮೊರಿ ಲೀಕ್ ಹಿಡಿಯಿರಿ, ಟೀಮ್‌ನಲ್ಲಿ ಹೆಸರು ಗಳಿಸಿ: 6 ಸೂತ್ರಗಳು

ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಇಂಜಿನಿಯರಿಂಗ್ ಓದಿ, ಈಗ ಮಡಿಕೇರಿಯ ಮನೆಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಿದ್ದೀರಾ? ಸರ್ವರ್‌ನಲ್ಲಿ ಯಾವುದೋ ಬ್ಯಾಕ್‌ಗ್ರೌಂಡ್ ಪ್ರೋಸೆಸ್ ದಿನೇ ದಿನೇ ಮೆಮೊರಿ ನುಂಗುತ್ತಿದೆ, ಮುಟ್ಟಲು ಯಾರೂ ಮುಂದೆ ಬರುತ್ತಿಲ್ಲ. ಆ ಟಿಕೆಟ್ ನೀವೇ ತೆಗೆದುಕೊಳ್ಳಿ.

1. ರೀಸ್ಟಾರ್ಟ್‌ಗೆ ಮೊದಲು ಸಾಕ್ಷ್ಯ ಉಳಿಸಿ. ರೀಸ್ಟಾರ್ಟ್ ಆದರೆ ಸರ್ವರ್ ಹಗುರಾಗುತ್ತದೆ, ಜೊತೆಗೆ ಸುಳಿವೂ ಅಳಿಸಿಹೋಗುತ್ತದೆ. ಪ್ರೋಸೆಸ್ ತಾನಾಗಿ ಸತ್ತಿದ್ದರೆ ಕರ್ನಲ್ ಲಾಗ್ ತೆರೆಯಿರಿ. ಮೆಮೊರಿ ಸಾಲದಾದಾಗ ಲಿನಕ್ಸ್‌ನ ಓಓಎಂ ಕಿಲ್ಲರ್ ಯಾರನ್ನು ಕೊಂದಿತು ಎಂಬುದು ಅಲ್ಲಿರುತ್ತದೆ.

2. ಅಂಕಿ ಬರೆದಿಡಿ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕಕ್ಕೆ ಬರೆಯುತ್ತಾರೆ. ಹೂಮಳೆ ಕಡಿಮೆಯಾಯಿತೇ ಎಂಬ ವಾದ ಆ ಪುಟ ತೆರೆದರೆ ಮುಗಿಯಿತು. ನೀವೂ 10 ನಿಮಿಷಕ್ಕೊಮ್ಮೆ ಪಿಎಸ್ ಕಮಾಂಡ್‌ನಿಂದ ಆರ್‌ಎಸ್‌ಎಸ್ ದಾಖಲಿಸಿ. ಇದನ್ನು ಸರ್ವರ್‌ನ ಕ್ರಾನ್‌ಗೇ ಹಾಕಿ. ಜುಲೈ ಮಳೆಗೆ ಮನೆಯ ಕರೆಂಟ್ ಹೋದರೂ ದಾಖಲೆ ನಿಲ್ಲಬಾರದು. ವರ್ಚುವಲ್ ಮೆಮೊರಿಯ ದೊಡ್ಡ ಅಂಕಿಗೆ ಗಾಬರಿಯಾಗಬೇಡಿ, ರ‍್ಯಾಮ್‌ನಲ್ಲಿ ನಿಜಕ್ಕೂ ಕೂತಿರುವುದನ್ನು ಆರ್‌ಎಸ್‌ಎಸ್ ಹೇಳುತ್ತದೆ. ಗ್ರಾಫ್ ಏರಿ ಒಂದು ಮಟ್ಟದಲ್ಲಿ ನಿಂತರೆ ಕ್ಯಾಶ್ ತುಂಬಿರಬಹುದು. ದಿನವೂ ಅಷ್ಟೇ ಕೆಲಸಕ್ಕೆ ನಿಲ್ಲದೆ ಏರುತ್ತಲೇ ಇದ್ದರೆ ಲೀಕ್ ಎಂದೇ ಹುಡುಕಿ.

3. ಫೇಲ್ ಆಗುವ ದಾರಿಯನ್ನು ಮೊದಲು ಪರೀಕ್ಷಿಸಿ. 2012ರ ಅಕ್ಟೋಬರ್ 22ರಂದು ವರ್ಜೀನಿಯಾದಲ್ಲಿ ಅಮೆಜಾನ್ ಕ್ಲೌಡ್ ಮುಗ್ಗರಿಸಿತು, ರೆಡ್ಡಿಟ್‌ನಂಥ ಸೈಟುಗಳೂ ನಿಂತವು. ಮೂಲ ಕಾರಣ, ಸ್ಟೋರೇಜ್ ಸರ್ವರ್‌ಗಳಲ್ಲಿ ಸದ್ದಿಲ್ಲದೆ ಓಡುತ್ತಿದ್ದ ಡೇಟಾ ಸಂಗ್ರಹದ ಏಜೆಂಟ್. ಏಜೆಂಟ್‌ಗಳು ಡೇಟಾ ಕಳಿಸುವ ಸರ್ವರ್‌ಗಳಲ್ಲಿ ಒಂದು ಕೆಟ್ಟಾಗ ಅದನ್ನು ಬದಲಾಯಿಸಿದ್ದರು, ಆದರೆ ಹೊಸ ಡಿಎನ್‌ಎಸ್ ವಿಳಾಸ ಎಲ್ಲೆಡೆ ತಲುಪಲಿಲ್ಲ. ಕೆಲವು ಏಜೆಂಟ್‌ಗಳು ಹಳೇ ವಿಳಾಸವನ್ನೇ ಮತ್ತೆ ಮತ್ತೆ ತಟ್ಟುತ್ತಾ ಮೆಮೊರಿ ಸೋರಿಸಿದವು. ಒಟ್ಟು ಮೆಮೊರಿಯ ಮೇಲೆ ನಿಗಾ ಇದ್ದರೂ ಅಲಾರ್ಮ್ ಹೊಡೆಯಲಿಲ್ಲ. ನಂತರ ಅಮೆಜಾನ್ ಪ್ರತಿ ಪ್ರೋಸೆಸ್‌ನ ಮೆಮೊರಿಗೂ ಅಲಾರ್ಮ್ ಇಡಲು ಮುಂದಾಯಿತು. ಈ ಪಾಠ ಇವತ್ತೇ ಬಳಸಿ: ಟೆಸ್ಟ್ ಸರ್ವರ್‌ನಲ್ಲಿ ಡೇಟಾಬೇಸ್ ನಿಲ್ಲಿಸಿ, ಟೈಮ್‌ಔಟ್ ಮತ್ತು ರೀಟ್ರೈ ಆಗುವಾಗ ಗ್ರಾಫ್ ನೋಡಿ. ಎಲ್ಲ ಸರಿಯಿರುವಾಗ ಕಾಣದ ಲೀಕ್ ಇಲ್ಲಿ ಸಿಕ್ಕಿಬೀಳುತ್ತದೆ.

4. ಮೆಮೊರಿಯ ಎರಡು ಸ್ನ್ಯಾಪ್‌ಶಾಟ್ ಹೋಲಿಸಿ. ಇದಕ್ಕೆ ಪೈಥಾನ್‌ನಲ್ಲಿ ಟ್ರೇಸ್‌ಮ್ಯಾಲಕ್ 3.4ನೇ ಆವೃತ್ತಿಯಿಂದಲೇ ಇದೆ, ಜಾವಾದಲ್ಲಿ ಹೀಪ್ ಡಂಪ್ ತೆಗೆಯಿರಿ. ಹೆಚ್ಚು ಬೆಳೆದ ಸಾಲಿನಿಂದ ಶುರುಮಾಡಿ. ಮಿತಿಯಿಲ್ಲದ ಕ್ಯಾಶ್, ಖಾಲಿ ಮಾಡದ ಗ್ಲೋಬಲ್ ಲಿಸ್ಟ್, ಮುಚ್ಚದ ಕನೆಕ್ಷನ್: ಮೊದಲ ಅನುಮಾನ ಇವುಗಳ ಮೇಲಿರಲಿ.

5. “ಇದು ಸೀನಿಯರ್‌ಗಳ ಕೆಲಸ” ಎನ್ನುವ ಅಭ್ಯಾಸ ಬಿಡಿ. ಮೀಟಿಂಗ್‌ನಲ್ಲಿ ಗ್ರಾಫ್ ತೋರಿಸಿ ಮಾತಾಡಿ. ಅಂಕಿ ಇದ್ದವರ ಮಾತು ಎಲ್ಲರೂ ಕೇಳುತ್ತಾರೆ.

6. ಫಿಕ್ಸ್ ಆದಮೇಲೆ ಅದೇ ಲೋಡ್ ಮತ್ತೆ ಕೊಡಿ. ಸಿಸ್ಟಂ‌ಡಿಯಲ್ಲಿ ಮೆಮೊರಿಮ್ಯಾಕ್ಸ್ ಮಿತಿ ಹಾಕಿ. ಮತ್ತೊಂದು ಲೀಕ್ ಬಂದರೂ ಇಡೀ ಸರ್ವರ್ ಮಲಗುವುದಿಲ್ಲ. ಹಳೇ ಗ್ರಾಫ್, ಹೊಸ ಗ್ರಾಫ್ ಎರಡನ್ನೂ ಟಿಕೆಟ್‌ಗೆ ಲಗತ್ತಿಸಿ, ಆಮೇಲೆ ಕ್ಲೋಸ್ ಮಾಡಿ.